ಬಿನ್ ಗಾಮಪ್ಪ

ಮೂರು ಸಲ ಕೂಗುತ್ತಾರಂತೆ.
ಹೂವಪ್ಪ ಬಿನ್ ಗಾಮಪ್ಪ, ಹೂವಪ್ಪ ಬಿನ್ ಗಾಮಪ್ಪ,
ಮೂರನೆಯದಕ್ಕೆ ದನಿ ಆಗಲೇ ಮುಂದಿನ ಕೇಸಿನ ಕಡೆ ಹೊರಳಿರುತ್ತದೆ.
ಆಮೇಲೆ ಒಳಗೆ ಒಂದು ಸಾಲು ಬರೆಯುತ್ತಾರೆ:
ಆರೋಪಿ ಗೈರು. ವಾರಂಟ್ ಹೊರಡಿಸಿ.

ಆ ಸಾಲಿನ ಕೆಳಗೆ ನಾಲ್ಕು ವರ್ಷ ಬದುಕಿದೆ.

ಮೊದಲ ವಾಯಿದೆ ತಪ್ಪಿದ್ದು ಅವ್ವನ ಹನ್ನೊಂದನೇ ದಿನಕ್ಕೆ.
ಎರಡನೆಯದು, ಮೊದಲನೆಯದರ ಹೆದರಿಕೆಗೆ.
ಮೂರನೆಯದಕ್ಕೆ ಕಾರಣವೇ ಬೇಕಾಗಲಿಲ್ಲ.

ಲಗೇಜು ಆಟೋಕ್ಕೆ ಅಡ್ಡದಾರಿ ಕಲಿಸಿದೆ.
ಆಲ್ಕೊಳ ಸರ್ಕಲ್ಲು ಬೇಡ, ಸ್ಕೂಟರಿಗೆ ಗುದ್ದಿದ್ದು ಅಲ್ಲೇ.
ಬಸ್‌ಸ್ಟ್ಯಾಂಡಿನ ಎದುರು ಬೇಡ.
ಗಾಂಧಿಬಜಾರಿಗೆ ಬೆಳಗಿನ ಆರಕ್ಕೆ ಮುಂಚೆ.
ತುಂಗೆಯ ಸೇತುವೆ ಮೇಲೆ ಪೊಲೀಸರು ನಿಂತಿದ್ದಾರೆಂದು
ಎರಡು ಬೀರು, ಒಂದು ಮಂಚ ಹೊತ್ತು ಊರೆಲ್ಲ ಸುತ್ತಿ
ಬಾಡಿಗೆಗಿಂತ ಜಾಸ್ತಿ ಡೀಸೆಲ್ ಸುಟ್ಟಿದ್ದೂ ಉಂಟು.
ಮಗಳ ಶಾಲೆಯ ಸ್ಕೌಟ್ ಮಾಸ್ತರು ಖಾಕಿ ಹಾಕಿ ಬಂದರೆ
ನಾನು ಚಪ್ಪಲಿ ಹುಡುಕುತ್ತಿದ್ದೆ.

ಜೆಸಿಂತಾ ಲೋಬೋ ಮೇಡಂ ಮೊದಲು ಕೇಳಿದ್ದು ಇಷ್ಟೇ:
‘ಸಮನ್ಸ್ ಇಟ್ಟಿದೀಯಾ, ಹರಿದು ಹಾಕಿದೆಯಾ?’
ಇಟ್ಟಿದ್ದೆ, ಅಕ್ಕಿ ಡಬ್ಬಿಯ ತಳದಲ್ಲಿ. ಒಂದು ಮೂಲೆ ಹುಳ ತಿಂದಿತ್ತು.
ಅವರು ಅದನ್ನು ಮೇಜಿನ ಮೇಲೆ ಕೊಡವಿ, ಕನ್ನಡಕ ಏರಿಸಿ,
ಡೈರಿಯಲ್ಲಿ ಒಂದು ನಂಬರು ಬರೆದುಕೊಂಡರು.
ಅಷ್ಟೇ ಇತ್ತು ಅದು, ಒಂದು ನಂಬರು, ಒಂದು ಇಸವಿ.
‘ಹಿಡಿದು ತಂದವನ ಮುಖ ಬೇರೆ,
ನಡೆದು ಬಂದವನ ಮುಖ ಬೇರೆ.
ಸೋಮವಾರ ಬಾ. ಬಿಳಿ ಅಂಗಿಗಿಂಗಿ ಏನೂ ಬೇಡ.
ಒಬ್ಬ ಜಾಮೀನುದಾರ, ಅವನ ಪಹಣಿ, ಆಧಾರ್.
ಒಳಗೆ ಹಾಕಲ್ಲ ಅಂತ ನಾನು ಹೇಳಲ್ಲ.
ಹಾಕಬೇಡಿ ಅಂತ ಕೇಳ್ತೀನಿ.’

ಸೋಮವಾರ
ಟೈಪಿಸ್ಟ್ ಇಲಿಯಾಸ್ ನನ್ನ ನಾಲ್ಕು ವರ್ಷವನ್ನು
ಒಂದೂವರೆ ಪುಟಕ್ಕೆ ಬಡಿದು ಕೂರಿಸಿದ.
‘ಉದ್ದೇಶಪೂರ್ವಕವಲ್ಲ’ ಎಂಬಲ್ಲಿ ಬೆರಳು ತಡೆದು
ನನ್ನ ಮುಖ ನೋಡಿದ.
ವಕಾಲತ್ತಿಗೆ ಸಹಿ, ಸ್ಟಾಂಪಿಗೆ ಎಂಜಲು.
ಸೊರಬದ ಮೊದಲ ಬಸ್ಸಿಗೆ ಭಾವಮೈದ ಕೆರಿಯಪ್ಪ ಬಂದ,
ಹತ್ತು ಗುಂಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು.

ಕೂಗಿದರು.
ಮೊದಲನೆಯದಕ್ಕೇ ‘ಇದ್ದೀನಿ’ ಎಂದೆ.
ಗಂಟಲು ಯಾರದೋ.
ಆಗ ಹೊಳೆಯಿತು: ಇಷ್ಟು ದಿನ ಈ ಕಾರಿಡಾರಿನಲ್ಲಿ
ನನ್ನ ಜೊತೆ ಅಪ್ಪನನ್ನೂ ಕೂಗುತ್ತಿದ್ದರು,
ತಾಲ್ಲೂಕು ಕಚೇರಿಯ ಮೆಟ್ಟಿಲೂ ಹತ್ತದೆ ಸತ್ತ ಗಾಮಪ್ಪನನ್ನು.
ಓಗೊಡಬೇಕಾದವನು ಬೀರು ಹೊತ್ತು ಊರು ಸುತ್ತುತ್ತಿದ್ದ.

‘ಎಲ್ಲಿಗೆ ಹೋಗಿದ್ದಿರಿ?’ ಕೇಳಿದರು ನ್ಯಾಯಾಧೀಶೆ.
ಎಲ್ಲಿಗೂ ಹೋಗಿರಲಿಲ್ಲ. ಇಲ್ಲೇ ಇದ್ದೆ.
ಅದನ್ನು ಹೇಳುವುದು ಹೇಗೆಂದು ತಿಳಿಯಲಿಲ್ಲ,
ಮೇಡಂ ಹೇಳಿದರು, ತಗ್ಗಿದ ದನಿಯಲ್ಲಿ, ಇಂಗ್ಲಿಷು ಬೆರೆಸಿ.
‘ಇವರು ಮತ್ತೆ ಬರದಿದ್ದರೆ?’
‘ಬರ್ತಾನೆ ಸ್ವಾಮಿ,’ ಎಂದ ಕೆರಿಯಪ್ಪ,
‘ಇಲ್ಲಾಂದ್ರೆ ನನ್ನ ತಂಗಿ ಬಿಡಲ್ಲ.’
ಬೆಂಚ್ ಕ್ಲರ್ಕು ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು.
ದಂಡ ಐನೂರು. ವಾರಂಟ್ ರೀಕಾಲ್.
ಗೋಡೆಯ ಗಡಿಯಾರ ನೋಡಿದೆ, ಒಂಬತ್ತು ನಿಮಿಷ.

ಹೊರಗೆ, ಗೌನನ್ನು ಬಟ್ಟೆಯಂಗಡಿಯ ಚೀಲಕ್ಕೆ ತುರುಕುತ್ತ ಮೇಡಂ:
‘ಈ ಕಾಪಿ ಜೇಬಲ್ಲೇ ಇರಲಿ. ಸ್ಟೇಷನ್ನಿಗೆ ಸುದ್ದಿ ತಲುಪೋದು ನಿಧಾನ.
ಇನ್ನೊಂದು. ಆ ಸ್ಕೂಟರಿನವರು, ಜಿನದತ್ತಯ್ಯ,
ಸಾಕ್ಷಿಗೆ ಅಂತ ಹುಂಚದಿಂದ ಎರಡು ಸಲ ಬಂದು ಹೋಗಿದ್ದಾರೆ.
ನೀನಿರಲಿಲ್ಲ.’

ಹುಂಚದಿಂದ ಬಸ್ಸು ರಿಪ್ಪನ್‌ಪೇಟೆ ಮೇಲೆ.
ಮೆಟ್ಟಿಲು ಎತ್ತರ.
ರಾಡು ಹಾಕಿದ ಕಾಲು ಮಡಚುವುದಿಲ್ಲ.

ಸಂಜೆ ಆಲ್ಕೊಳ ಸರ್ಕಲ್ಲಿನ ಮೇಲೇ ಬಂದೆ.
ಪೊಲೀಸು ಕೈ ಅಡ್ಡ ಹಿಡಿದ, ನಿಂತೆ.
ಕೈ ಬೀಸಿ ಹೋಗೆಂದ ಮೇಲೂ,
ಹಿಂದಿನವರು ಹಾರ್ನು ಹೊಡೆಯುವ ತನಕ, ನಿಂತೇ ಇದ್ದೆ.

ಮುಂದಿನ ವಾಯಿದೆ ಹದಿನೆಂಟಕ್ಕೆ.
ಕೇಸು ಮುಗಿಯುವವರೆಗೆ ಅವರ ಹತ್ತಿರ ಮಾತಾಡಕೂಡದಂತೆ.
ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ
ಕೂರಬಹುದಂತೆ.