ಆರಿಸುವುದು

ಪೋರ್ಟ್ ಹಾರ್ಕೋರ್ಟಿನ ಮೈಲ್ ತ್ರೀ ಸಂತೆಯಲ್ಲಿ
ಜನರೇಟರುಗಳು ಪಂಕ್ತಿಗೆ ಕೂತ ಹಾಗೆ ಕೂತಿದ್ದವು,
ಎಲ್ಲವಕ್ಕೂ ಹೊಟ್ಟೆ ಖಾಲಿ.
ಮಾರುವ ಹುಡುಗ ಒಂದರ ಹಗ್ಗ ಎಳೆದು ಏನೋ ಅಂದ.
ಆಮೇಲೆ ತಿಳಿಯಿತು,
'ಇದರದು ಮೆಲುದನಿ' ಅಂದದ್ದಂತೆ.

ಇಬಿನಾಬೊ ಸೊಂಟದ ಬಟ್ಟೆಯ ಗಂಟು ಬಿಚ್ಚಿ ಚೀಟಿ ತೆಗೆದಳು,
ಮೂರು ರಾತ್ರಿ ಮೇಣದ ಬತ್ತಿಯಲ್ಲಿ ಬರೆದದ್ದು:
ಮೀನಿನ ಫ್ರೀಜರು. ಫ್ಯಾನು ಎರಡು. ನೀರಿನ ಪಂಪು.
ಟೀವಿ ಅಂತ ಬರೆದು, ಹೊಡೆದುಹಾಕಿ,
ಪಕ್ಕದಲ್ಲಿ ಮತ್ತೆ ಟೀವಿ.
ನನ್ನ ಇಸ್ತ್ರಿಪೆಟ್ಟಿಗೆ ಎಲ್ಲೂ ಇಲ್ಲ.

'ಬರೀ ಕೂಡಿದರೆ ಸಾಲದು' ಅಂದ ಹುಡುಗ, ಯಂತ್ರ ನಿಲ್ಲಿಸಿ.
'ಪಂಪು ಓಡುವಾಗ ಒಂದು ಪಾಲು ತಿಂದರೆ
ಏಳುವಾಗ ಮೂರು ಪಾಲು ಕೇಳುತ್ತದೆ.'
'ಗೊತ್ತು' ಅಂದಳು, 'ಮನೆಯಲ್ಲಿ ಅಂಥದೊಂದಿದೆ.'
ನಾನು ಬೆಲೆಚೀಟಿ ಓದುತ್ತ ಆಚೆ ಸರಿದೆ.

ಚಿಕ್ಕದನ್ನು ಕಂಕುಳಲ್ಲಿ ಒಯ್ಯಬಹುದು, ಪಂಪು ಎಳೆಯದು.
ಡೀಸೆಲ್ಲಿನದು ಆನೆ, ತಂದರಾಯಿತೆ, ಸಾಕಬೇಕಲ್ಲ.
ಐದು ಕೆವಿಎ, ಪೆಟ್ರೋಲು, ತಾಮ್ರದ ಸುರುಳಿ.
ತಾಮ್ರವೇ ಎಂದು ಹುಡುಗ ಆಣೆಯಿಟ್ಟ;
ಅವಳು ಮುಚ್ಚಳ ಬಿಚ್ಚಿಸಿ ನೋಡಿದಳು.
ಅರ್ಧ ಗಂಟೆಯಲ್ಲಿ ಯಂತ್ರ ಆರಿಸಿದ್ದಾಯಿತು.

ಗೋಡೆ ಆರಿಸಲು ಒಂಬತ್ತು ದಿನ ಹಿಡಿಯಿತು.

ಮೂಡಣ ಗೋಡೆಗೆ ಮಕ್ಕಳ ಕಿಟಕಿ.
ಹಿತ್ತಲಲ್ಲಿ ಮೊಣಕಾಲುದ್ದ ನೀರು.
ವರಾಂಡದ ಮಾತು ಯಾರೂ ಎತ್ತಲಿಲ್ಲ:
ಹೋದ ವರ್ಷ ಕೆಳಗಿನ ಬೀದಿಯಲ್ಲಿ
ವರಾಂಡದ ಹೊಗೆ ನಾಲ್ವರನ್ನು ಮಲಗಿಸಿತ್ತು,
ಬೆಳಿಗ್ಗೆ ಬಾಗಿಲು ಒಡೆದಾಗ
ಫ್ಯಾನು ಇನ್ನೂ ತಿರುಗುತ್ತಿತ್ತು.

ಉಳಿದದ್ದು ಪಡುವಣ ಗೋಡೆ. ಅದರಾಚೆ ಇಪ್ಪತ್ತು ಹೆಜ್ಜೆ ಬಯಲು,
ಆಮೇಲೆ ಡಗೋಗೋನ ಕೋಣೆ.
ರಾತ್ರಿಯಿಡೀ ಬ್ಯಾಂಕಿನ ಕಾವಲು, ಹಗಲಿಡೀ ನಿದ್ದೆ.
ಹೊಗೆಕೊಳವೆ ತಾರಸಿಯ ಮೇಲಕ್ಕೆ ಒಯ್ಯುತ್ತೇವೆ ಅಂದೆವು.
'ಹೊಗೆಯೇನೋ ಸರಿ' ಅಂದ, ಆಕಳಿಸುತ್ತ. 'ಸದ್ದು?'

ಈಗ ಹತ್ತರಿಂದ ಮೂರರವರೆಗೆ ಹಗ್ಗ ಮುಟ್ಟುವ ಹಾಗಿಲ್ಲ.
ಮುಚ್ಚಳ ತೆಗೆಯದಿದ್ದರೆ ಫ್ರೀಜರಿನ ಮಂಜು
ಐದು ತಾಸು ತಾಳುತ್ತದಂತೆ.
ಐದು ವರ್ಷದ ಮಗಳು ತಾಳಬೇಕಲ್ಲ,
ಕರೆಂಟು ಹೋದ ಮಧ್ಯಾಹ್ನಗಳಲ್ಲಿ ಇಬಿನಾಬೊ
ಫ್ರೀಜರಿನ ಮೇಲೇ ಹತ್ತಿ ಕೂತು
ಅಲಸಂದೆ ಆರಿಸುತ್ತಾಳೆ, ಬೆವರುತ್ತ, ಕಾಲು ತೂಗುತ್ತ.

ಬಯಲಿನಾಚೆಯಿಂದ ಡಗೋಗೋನ ಗೊರಕೆ,
ಮೊದಲು ಎಳೆದೆಳೆದು, ಕೆಮ್ಮಿ, ನಿಂತು,
ಆಮೇಲೆ ಒಂದೇ ಸಮ.
'ಹತ್ತಿತು ನೋಡು' ಅನ್ನುತ್ತಾಳೆ.