ಅಂಚು ಬಿಟ್ಟು

ಸವಳಂಗ ರಸ್ತೆಯ ನಮ್ಮ ಕಟ್ಟಡದಲ್ಲಿ
ಹದಿನಾರು ಮನೆಗೆ ಒಂದೇ ತೋಟ. ತೋಟವೆಂದರೆ
ಕಾಂಪೌಂಡಿಗೂ ಬೈಕು ನಿಲ್ಲಿಸುವ ಜಾಗಕ್ಕೂ ನಡುವೆ
ಸೀರೆಯೊಂದನ್ನು ಹಾಸಿದಷ್ಟು ಮಣ್ಣು.
ಎರಡು ಮಳೆಗಾಲ ಯಾರೂ ಕತ್ತರಿ ಮುಟ್ಟಿಸದೆ
ದಾಸವಾಳ ಕಣಗಿಲೆಯೊಳಕ್ಕೆ, ಕಣಗಿಲೆ ಗೋರಂಟಿಯೊಳಕ್ಕೆ
ಕೈಹಾಕಿ ನಿಂತಿವೆ, ಜಗಳವೋ ಸರಸವೋ ತಿಳಿಯದ ಹಾಗೆ.

ಭಾನುವಾರ ಮೀಟಿಂಗು. ಪಾರ್ಕಿಂಗಿನಲ್ಲಿ ಕೆಂಪು ಕುರ್ಚಿ.
ಸರ್ವೆ ಇಲಾಖೆಯಿಂದ ನಿವೃತ್ತರಾದ ಚೆನ್ನವೀರಪ್ಪನವರು
ಟೇಪು ಹಿಡಿದೇ ಬಂದಿದ್ದರು: "ಒಂಬತ್ತಡಿ ನಾಲ್ಕಿಂಚು!
ನಿಯಮದ ಪ್ರಕಾರ ನಾಲ್ಕಡಿ ದಾಟಬಾರದು."
ಯಾವ ನಿಯಮ ಎಂದು ಯಾರೂ ಕೇಳಲಿಲ್ಲ.
ಜೆಸಿಂತಾ ಬಾಯಿಗೆ ಸೊಳ್ಳೆ, ಡೆಂಗಿ,
ಕಳೆದ ವರ್ಷದ ಆಸ್ಪತ್ರೆ ಬಿಲ್ಲು.
ಡ್ರೈವಿಂಗ್ ಸ್ಕೂಲಿನವರು ಕೇರೆಹಾವು ಕಂಡಿದ್ದರಂತೆ;
ಹೇಳುತ್ತ ಹೇಳುತ್ತ ಅದು ಮಾರುದ್ದವಾಯಿತು, ನಾಗರವಾಯಿತು.
ಮುಮ್ತಾಜ್ ಒಬ್ಬಳೇ, "ಗೋರಂಟಿ ಬಿಡಿ,
ತಂಗಿಯ ಮದುವೆ ತನಕ" ಎಂದಳು.
ಮದುವೆ ಇನ್ನೂ ಗೊತ್ತಾಗಿಲ್ಲ.

ನಾನು ಸುಮ್ಮನಿದ್ದೆ. ನೆಲಮಹಡಿಯವಳು, ಹೊಲಿಗೆಯವಳು,
ದಿನಕ್ಕೆ ಮೂರು ಬ್ಲೌಸು, ಫಾಲ್ಸು, ಕೆಟ್ಟ ಜಿಪ್ಪು.
ಆದರೆ ಆ ಪೊದೆ ನನ್ನ ಕಿಟಕಿಗೆ
ನಾನು ಹೊಲಿಯದ ಪರದೆ.
ಅದು ಬೆಳೆಯುವ ಮುಂಚೆ
ಗೇಟು ದಾಟಿದ ಪ್ರತಿ ಕಣ್ಣೂ ಒಳಗೆ ಬಂದು
ಮಿಷನ್ನಿನ ಮೇಲೆ ಕೂತು, ತಟ್ಟೆಯಲ್ಲೇನಿದೆ ನೋಡಿ,
'ಒಬ್ಬಳೇ?' ಎಂದು ಕೇಳಿ ಹೋಗುತ್ತಿತ್ತು.
ಈಗ ಮಧ್ಯಾಹ್ನ ಹಸಿರು ಬೆಳಕು. ಜಡೆ ಬಿಚ್ಚಿ, ಕಾಲು ಚಾಚಿ,
ಗೋಡೆಗೊರಗಿ, ಒಂದು ಮಾವಿನಹಣ್ಣನ್ನು
ಮೊಣಕೈತನಕ ರಸ ಇಳಿಸಿಕೊಂಡು ತಿನ್ನಬಹುದು.

ಸೋಮವಾರ ಗಾಡಿಕೊಪ್ಪದ ಹಾಲಪ್ಪ ಬಂದ,
ಹೆಗಲಲ್ಲಿ ಉದ್ದ ಕತ್ತರಿ. ಸಾಣೆ ಕಂಡಿಲ್ಲ, ತಿರುಪು ಸಡಿಲ.
ಇಂಥದಕ್ಕೆ ಸಿಕ್ಕರೆ ಹಳೆ ಗೋಣಿಯೂ ಅಳುತ್ತದೆ.
ಗೇಟಿನ ಕಡೆಯಿಂದ ಶುರುಮಾಡಿದ.
ಒಂದು ಚಪ್ಪಲಿ ಸಿಕ್ಕಿತು, ಎರಡು ಶಟಲ್ ಕಾಕು,
ಒಳಲಂಗ, ಹಲ್ಲುಸೆಟ್ಟಿನ ಡಬ್ಬಿ.
ಯಾರೂ ತಮ್ಮದೆನ್ನಲಿಲ್ಲ.

ನನ್ನ ಕಿಟಕಿಗೆ ಇನ್ನು ಎರಡು ಮಾರು.
ಸರಳಿನಿಂದ ಕೈ ತೂರಿಸಿ ಎಲೆ ಸರಿಸಿದೆ. ಅಲ್ಲಿ
ಎರಡು ದಾಸವಾಳದ ಎಲೆ ಕೂಡಿಸಿ ಹೊಲಿದ ಚೀಲ,
ಸಿಂಪಿಗ ಹಕ್ಕಿಯದು.
ಹೊಲಿಗೆ ನೋಡಿದೆ, ಅಭ್ಯಾಸ ಬಿಡದು:
ಗಂಟಿಲ್ಲ, ತೂತಿನಲ್ಲಿ ನಾರು ತುರುಕಿ
ತುದಿ ಕುಚ್ಚಾಗಿ ಬಿಟ್ಟಿದೆ. ಒಂದೆಡೆ ನೇರಳೆ ದಾರ,
ನಾನು ಗುಡಿಸಿ ಎಸೆದದ್ದೇ, ಆಲ್ಕೊಳದ ಟೀಚರ್ ಬ್ಲೌಸಿನದು.
ಬೆರಳಿಟ್ಟೆ. ಹತ್ತಿ. ಧೂಳು.
ಎಲೆ ಒಣಗಿ ಕಂದಿದ ಹಳೆಯ ಗೂಡು. ಖಾಲಿ.

"ಮೊಟ್ಟೆ ಇದೆ" ಎಂದೆ. ಗಟ್ಟಿಯಾಗಿ.

ಕತ್ತರಿ ನಿಂತಿತು. ಹಾಲಪ್ಪ ಬೀಡಿ ಹಚ್ಚಿದ.
ಚೆನ್ನವೀರಪ್ಪನವರು ಟೇಪು ಎಳೆದು, ಬಿಟ್ಟು,
"ನೋಡಿದವರು ಯಾರು?" ಎಂದರು.
ಮೂರನೆ ಮಹಡಿಯ ನಿಹಾಲ,
ಏಳನೆ ಕ್ಲಾಸು, ಮಂಡಿಯಲ್ಲಿ ಯಾವಾಗಲೂ ಒಂದು ಗಾಯ,
ನುಸುಳಿ ಹೋದ. ತುಂಬ ಹೊತ್ತು ಬರಲಿಲ್ಲ.
ಎಲೆಗಳ ನಡುವೆ ಅವನ ಕಣ್ಣು, ಸರಳಿನ ಹಿಂದೆ ನನ್ನದು.
ಹೊರಬಂದು, ತಲೆಗಂಟಿದ ಜೇಡನಬಲೆ ಒರೆಸಿಕೊಂಡು
"ಮೂರು" ಎಂದ.
"ಒಂದರ ಮೇಲೆ ಚುಕ್ಕಿ ಇದೆ."

ಈಗ ತೋಟಕ್ಕೆಲ್ಲ ನಾಲ್ಕಡಿಯ ಶಿಸ್ತು,
ಮೂಲೆಯೊಂದು ಬಿಟ್ಟು. ಬೆಳೆಯುವ ಹುಡುಗಿಯ ಲಂಗಕ್ಕೆ
ಒಳಮಡಿಕೆ ಇಟ್ಟ ಹಾಗೆ, ಅಲ್ಲಷ್ಟು ಹೆಚ್ಚುವರಿ.
ಜೆಸಿಂತಾ ಬಾಯಿ ವಾರಕ್ಕೊಮ್ಮೆ ಕೇಳುತ್ತಾರೆ, "ಮರಿ ಹಾರಿತಾ?"
"ರೆಕ್ಕೆ ಬಲಿಯಬೇಕಲ್ಲ" ಎನ್ನುತ್ತೇನೆ.
ನಿಹಾಲನ ಯೂನಿಫಾರಂ ಹೊಲಿಗೆ ಬಿಟ್ಟಾಗ
ದುಡ್ಡು ತೆಗೆದುಕೊಳ್ಳಲಿಲ್ಲ.

ಟ್ಯೂಶನ್ ಮುಗಿಸಿ ಬಂದವನು ಸಂಜೆ ಪೊದೆಯೊಳಗೆ
ಅರ್ಧ ಗಂಟೆ ಇರುತ್ತಾನೆ. ಏನು ಮಾಡುತ್ತಾನೋ,
ಏನು ಬಚ್ಚಿಟ್ಟಿದ್ದಾನೋ.
ನಾನು ಮಿಷನ್ನು ತುಳಿಯುತ್ತೇನೆ,
ತಲೆ ಎತ್ತುವುದಿಲ್ಲ.