ಸಹಾಯಾರ್ಥ

ಅಂಗಡಿಬೀದಿಯ ಗೋಡೆಗೆ ಮೊನ್ನೆವರೆಗೂ ಅಂಟಿತ್ತು
ಗುಲಾಬಿ ಕಾಗದ, ನೀಲಿ ಅಕ್ಷರ:
'ಸರ್ಕಾರಿ ಪ್ರೌಢಶಾಲೆಯ ಪ್ರಯೋಗಾಲಯದ ಸಹಾಯಾರ್ಥ
ಪೌರಾಣಿಕ ನಾಟಕ. ರಾತ್ರಿ ಒಂಬತ್ತೂವರೆಗೆ ಸರಿಯಾಗಿ.'
ಸರಿಯಾಗಿ ಎಂದರೆ ಹನ್ನೊಂದೂಕಾಲು.
ಚನ್ನರಾಯನದುರ್ಗದ ತಲೆಯ ಮೇಲೆ
ಚಂದ್ರ ಆಗಲೇ ಬಂದು ಕೂತಿದ್ದ, ಟಿಕೀಟಿಲ್ಲದೆ.

ನಾನು ವಿಜ್ಞಾನದ ಮೇಡಂ.
ನಾಲ್ಕು ವರ್ಷ ಈರುಳ್ಳಿ ಸಿಪ್ಪೆಯ ಜೀವಕೋಶ
ಬೋರ್ಡಿನ ಮೇಲೆ ಬರೆದೆ, ಇಟ್ಟಿಗೆ ಗೋಡೆಯ ಹಾಗೆ.
ಮಕ್ಕಳೂ ಬರೆದುಕೊಂಡರು, ಇಟ್ಟಿಗೆ ಗೋಡೆಯ ಹಾಗೆ.
ಪರೀಕ್ಷೆಯಲ್ಲಿ ಪೂರ್ತಿ ಅಂಕ ಕೊಟ್ಟೆ
ಯಾರೂ ನೋಡದೇ ಇದ್ದದ್ದಕ್ಕೆ.

ಕೊಡಿ ಎಂದು ಹೋದಾಗ ಜೇಬು ತಡವಿಕೊಂಡು
ಚಿಲ್ಲರೆ ಇಲ್ಲ ಎಂದಿದ್ದ ಊರು
ಪಾರ್ಟು ಹರಾಜಿಗಿಟ್ಟ ದಿನ ಎದ್ದು ನಿಂತಿತು.
ರಾಜನ ಪಾರ್ಟು ನಲವತ್ತೊಂದು ಸಾವಿರಕ್ಕೆ
ಕಂಟ್ರಾಕ್ಟರ್ ಹೊನ್ನಗಂಗಯ್ಯನ ಪಾಲು.
ಮಂತ್ರಿ ಹದಿನೆಂಟು. ಸೇನಾಪತಿಗೆ
ಅಣ್ಣತಮ್ಮಂದಿರೇ ಜಿದ್ದಿಗೆ ಬಿದ್ದು ಇಪ್ಪತ್ತಾರು.
ದ್ವಾರಪಾಲಕ ಐನೂರು: ಮಾತಿಲ್ಲ, ಮೀಸೆ ಉಂಟು.
ರಸೀದಿ ಹರಿದೂ ಹರಿದೂ ನನ್ನ ಹೆಬ್ಬೆರಳು
ಕಾರ್ಬನ್ನಿನ ನೀಲಿ.

ಪ್ರಯೋಗಾಲಯ ಎಂಬ ಫಲಕ ಹೊತ್ತ ಆ ಕೋಣೆ
ಹೊನ್ನಗಂಗಯ್ಯನೇ ಕಟ್ಟಿಸಿದ್ದು.
ಮೊದಲ ಮಳೆಗೇ ಸೋರಿ, ಪಡುವಣ ಗೋಡೆಯಲ್ಲಿ
ಆನೆಯಷ್ಟು ದೊಡ್ಡ ತೇವದ ಕಲೆ.
'ನೋಡಿದ್ರಾ ಮೇಡಂ,' ಹಾರ್ಮೋನಿಯಂ ಮೇಷ್ಟ್ರು ರಂಗಧಾಮಯ್ಯ
ತಾಲೀಮಿನ ನಡುವೆ ನನ್ನ ಕಡೆ ಬಾಗಿದರು,
'ಸಿಮೆಂಟಲ್ಲಿ ಉಳಿಸಿದ್ದನ್ನ
ಶ್ರುತಿ ತಪ್ಪಿ ವಾಪಸ್ ಕೊಡ್ತಾವ್ನೆ.'

ತುಮಕೂರಿಂದ ಬಂದ ಸೀನರಿಯ ಮುಂದಿನ ಪರದೆ
ನಡುವೆ ಹರಿದಿತ್ತು. ಬಿಸಿಯೂಟದ ಪುಟ್ಟಹೊನ್ನಮ್ಮ
ಮನೆಮನೆಗೆ ಹೋಗಿ ಆರು ಸೀರೆ ಕೇಳಿ ತಂದು
ಅಕ್ಕಿಮೂಟೆ ಹೊಲಿಯುವ ದಬ್ಬಳದಲ್ಲೇ
ಒಂದಕ್ಕೊಂದು ಕೂಡಿಸಿದಳು.
ಯಾರ ಸೆರಗು ಯಾರ ನೆರಿಗೆಗೆ ಬಿತ್ತೋ,
ಕೇರಿಯ ಲೆಕ್ಕ ಆ ಸೂಜಿಗೆ ಗೊತ್ತಿರಲಿಲ್ಲ.

ಎರಡನೇ ಅಂಕದಲ್ಲಿ ರಾಜ ಮಾತು ಮರೆತ.
ಗದೆ ಊರಿ ನಿಂತ, ಕಿರೀಟ ಹಣೆಗೆ ಜಾರಿ.
ಸೀರೆಗಳ ಹಿಂದಿನಿಂದ ಎಂಟನೇ ಕ್ಲಾಸಿನ ಮುಬೀನಾ,
ಮೂರು ತಿಂಗಳು ಜಗಲಿಯಲ್ಲಿ ಕೂತು
ಎಲ್ಲರ ಪಾರ್ಟೂ ಬಾಯಿಪಾಠ ಮಾಡಿದ್ದವಳು,
ಪಿಸುಗುಟ್ಟಿದಳು. ಮೈಕು ಅದನ್ನೂ ಹಿಡಿಯಿತು.
ಶಿಳ್ಳೆ. ನಗು. 'ಪರದೆ ಹಿಂದಿನ ಹುಡುಗಿಗೆ
ಸೈಕಲ್ ಶಾಪಿನವರಿಂದ ಐವತ್ತು ರೂಪಾಯಿ ಆಯಾರ!'

ರಾಣಿಯಾಗಿದ್ದ ವನಮಾಲಮ್ಮ ಬಣ್ಣ ಒರೆಸುತ್ತಾ
ಆರು ಸಾವಿರ ಎಣಿಸಿಕೊಂಡಳು, ಎರಡು ಸಲ.
'ಪುಕ್ಕಟೆ ಮಾಡೋಕಾಗಲ್ಲ ಮೇಡಂ,
ನನ್ನ ಮಗಳ ಶಾಲೆಗೆ ಯಾರು ಆಡ್ತಾರೆ ನಾಟಕ?'
ನಾನು ಏನೂ ಕೇಳಿರಲಿಲ್ಲ.
ನನ್ನ ಮುಖ ಕೇಳಿದ್ದಿರಬೇಕು.

ಬೆಳಗಿನ ಮಂಗಳ ಮುಗಿದು, ಖಾಲಿ ಮೈದಾನದ ತುಂಬ
ಕಡಲೇಕಾಯಿ ಸಿಪ್ಪೆ.
ಲೈಟು, ಸೌಂಡು, ಸೀನರಿ, ಚಿತ್ರಾನ್ನ ಎಲ್ಲ ಕಳೆದು
ಉಳಿದದ್ದು ಐವತ್ತೆಂಟು ಸಾವಿರದ ಏಳುನೂರ ಐವತ್ತು.
ಇಷ್ಟಕ್ಕೆ ಅಷ್ಟೆಲ್ಲ ಕುಣಿಯಬೇಕಿತ್ತಾ, ಎಂದರು ಹೆಡ್ಮಾಸ್ಟರು.
ಕಸ ಗುಡಿಸುತ್ತಿದ್ದ ಕರಿಯಣ್ಣ, ರಿಟೈರಾದರೂ
ಗಂಟೆ ಬಾರಿಸಲು ಬರುವವನು, ಪೊರಕೆ ನಿಲ್ಲಿಸಿ ಕೇಳಿದ:
'ಸರ್ಕಾರದ ಶಾಲೆ ಯಾಕವ್ವಾ ಬಣ್ಣ ಹಚ್ಕೊಂಡು ಬೇಡಬೇಕು?'
ರಸೀದಿ ಪುಸ್ತಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಎರಡು ಸೂಕ್ಷ್ಮದರ್ಶಕ ಬಂದವು, ಒಂದು ಪಟ್ಟಕ,
ಬೀಗವಿರುವ ಒಂದು ಬೀರು.
ಐದು ಸೀರೆ ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಹೋದವು.
ಆರನೆಯದನ್ನು, ಕಡುಗಂದು ಬಣ್ಣದ್ದು,
ಯಾರೂ ನಮ್ಮದೆನ್ನಲಿಲ್ಲ. ಕಿಟಕಿಗೆ ಕಟ್ಟಿದೆ.
ದಬ್ಬಳದ ಒಂದು ತೂತಿನಿಂದ ಬಿಸಿಲು ಒಳಬಂದು
ಗಾಜಿನಲ್ಲಿ ಮುರಿದು, ಹೊನ್ನಗಂಗಯ್ಯನ ಕಲೆಯ ಮೇಲೆ
ಸಣ್ಣಗೆ ಬಿತ್ತು.

ಮುಬೀನಾ ತುಂಬ ಹೊತ್ತು ನೋಡಿದಳು.
'ಮಿಸ್, ಪುಸ್ತಕದಲ್ಲಿ ಏಳು ಅಂತಿದೆ,
ನನಗೆ ಐದೇ ಕಾಣೋದು.'
ಐದು ಅಂತಲೇ ಬರಿ, ಅಂದೆ.